ಗದ್ದ ಚೆನ್ನಾಗೇ ಇದೆಯಲ್ಲ, ಮತ್ತೆ ಕೆಳದವಡೆ ಹಿಂದಿದೆ ಅಂತಾರಲ್ಲ?

ಗದಗದ ತಾಯಿಯೊಬ್ಬರ ಪ್ರಶ್ನೆ: "ಮಗಳಿಗೆ 12 ವರ್ಷ. ಮೇಲಿನ ಹಲ್ಲು ಸ್ವಲ್ಪ ಮುಂದಿವೆ. ಹುಬ್ಬಳ್ಳಿಯಲ್ಲಿ ತೋರಿಸಿದೆವು. ಎಕ್ಸ್‌ರೇ ತೆಗೆದು, ಕೆಳದವಡೆ ಹಿಂದಿದೆ ಅಂದರು. ನನಗೆ ಹಾಗೆ ಕಾಣುವುದೇ ಇಲ್ಲ. ಎಕ್ಸ್‌ರೇ ತಪ್ಪಿರಬಹುದಾ?"

ತಪ್ಪಿರುವ ಸಾಧ್ಯತೆ ಕಡಿಮೆ. ಆದರೆ ನಿಮ್ಮ ಕಣ್ಣೂ ಸುಳ್ಳು ಹೇಳುತ್ತಿಲ್ಲ. ಹೊರಸಿನ ಮೇಲೆ ದಪ್ಪ ಕೌದಿ ಹಾಸಿದರೆ ಕೆಳಗೆ ಎಲ್ಲಿ ತಗ್ಗಿದೆ ಅಂತ ಗೊತ್ತಾಗುವುದಿಲ್ಲ, ಅಲ್ವಾ? ಮುಖದಲ್ಲೂ ಹಾಗೇ. ಎಲುಬಿನ ಮೇಲೆ ಸ್ನಾಯು, ಕೊಬ್ಬು, ಚರ್ಮದ ಹೊದಿಕೆ ಇದೆ. ಅದರ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ.

ನಿಮ್ಮ ಮಗಳಿಗೆ ತೆಗೆದದ್ದು ಸೆಫಲೋಗ್ರಾಮ್, ಅಂದರೆ ಪಕ್ಕದಿಂದ ತೆಗೆಯುವ ತಲೆಯ ಎಕ್ಸ್‌ರೇ. 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್, ಜರ್ಮನಿಯ ಹೋಫ್ರಾತ್ ಬೇರೆ ಬೇರೆಯಾಗಿ ರೂಪಿಸಿದ ವಿಧಾನ ಇದು. ಇದರಲ್ಲಿ ಮೇಲ್ದವಡೆ, ಕೆಳದವಡೆಗಳ ನಡುವಿನ ಎಎನ್‌ಬಿ ಕೋನ ಅಳೆಯುತ್ತಾರೆ. ಸುಮಾರು 2 ಡಿಗ್ರಿ ಇದ್ದರೆ ಸರಿ. 4 ದಾಟಿದರೆ ಕೆಳದವಡೆ ಹಿಂದೆ ಇರಬಹುದು, ಇಲ್ಲವೇ ಮೇಲ್ದವಡೆ ಮುಂದೆ. ಸೊನ್ನೆಗಿಂತ ಕೆಳಗಿಳಿದರೆ ಕೆಳದವಡೆ ಮುಂದೆ ಇರಬಹುದು, ಇಲ್ಲವೇ ಮೇಲ್ದವಡೆ ಹಿಂದೆ.

ಅದೇ ಎಕ್ಸ್‌ರೇಯಲ್ಲಿ ತುಟಿ, ಗದ್ದದ ಅಂಚೂ ಕಾಣುತ್ತದೆ. ಗದ್ದದ ಮೇಲಿನ ಮೆತ್ತನೆಯ ಭಾಗ ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್ ಅಂತ ಅಮೆರಿಕದ ದಂತತಜ್ಞ ಹೋಲ್ಡವೇ ಹೇಳಿದ್ದರು. ಇದು 15ರ ಹತ್ತಿರ ಇದ್ದರೆ ಹಿಂದಿರುವ ದವಡೆ ಹೊರಗೆ ತೋರದೇ ಹೋಗಬಹುದು. ತೆಳ್ಳಗಿದ್ದರೆ ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ. ಗಂಡಸರಲ್ಲಿ ಈ ಹೊದಿಕೆ ಹೆಂಗಸರಿಗಿಂತ ದಪ್ಪ. ಇಂಥ ಅಳತೆಗಳು ಬಹುತೇಕ ಬಿಳಿಯ ಅಮೆರಿಕನ್ನರ ಮುಖಗಳಿಂದ ಬಂದವು. ನಮ್ಮ ತುಂಬು ತುಟಿಯ ಮುಖಗಳಿಗೆ ಅವನ್ನೇ ಕಣ್ಣು ಮುಚ್ಚಿ ಹಚ್ಚಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮನೆಯಲ್ಲೇ ಒಂದು ನೋಡಿ. ಮಗಳು ಟಿವಿ ನೋಡುತ್ತಾ ಮೈಮರೆತು ಕುಳಿತಾಗ ತುಟಿ ತಾನಾಗಿ ಕೂಡುತ್ತವೆಯಾ? ಬಾಯಿ ಮುಚ್ಚು ಅಂದಾಗ ಗದ್ದದ ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತವೆಯಾ? ಬಿದ್ದರೆ ಅವಳು ಸ್ನಾಯು ಎಳೆದು ತುಟಿ ಕೂಡಿಸುತ್ತಿದ್ದಾಳೆ ಅಂತ ಅರ್ಥ. ಫೋಟೋ ತೆಗೆಯುವಾಗಲೆಲ್ಲ ಹಲ್ಲು ಕಾಣದ ಹಾಗೆ ಬಾಯಿ ಮುಚ್ಚು ಅಂತ ಇಂಥ ಮಕ್ಕಳಿಗೆ ಹೇಳುತ್ತೇವೆ. ಪಾಪ, ಅವು ಅದನ್ನೇ ರೂಢಿ ಮಾಡಿಕೊಳ್ಳುತ್ತವೆ. ಎಕ್ಸ್‌ರೇ ತೆಗೆಯುವಾಗಲೂ ಹೀಗೇ ಬಿಗಿಹಿಡಿದರೆ ತುಟಿ, ಗದ್ದದ ಅಳತೆ ತಪ್ಪುತ್ತದೆ. ಹಲ್ಲು ಕಚ್ಚಿ, ತುಟಿ ಸಡಿಲ ಬಿಡಬೇಕು.

ಹೊರಗೆ ಚೆನ್ನಾಗಿದೆ ಅಂತ ಸುಮ್ನೆ ಬಿಡಬಹುದಾ? 12ರಲ್ಲಿ ಬೇಡ. ಹುಡುಗಿಯರು ಬೇಗ ಬೆಳೆಯುವ ವಯಸ್ಸಿದು. ಕೆಳದವಡೆ ಮುಂದೆ ಹಿಡಿಸುವ ಟ್ವಿನ್ ಬ್ಲಾಕ್‌ನಂಥ ಸಾಧನ ಈಗ ಜಾಸ್ತಿ ಕೆಲಸ ಮಾಡುತ್ತದೆ. ಬೆಳವಣಿಗೆ ಮುಗಿದ ಮೇಲೆ ಉಳಿಯುವುದು ಹಲ್ಲು ಕಿತ್ತು ಮುಂದಿನ ಹಲ್ಲುಗಳನ್ನು ಹಿಂದಕ್ಕೆ ಸರಿಸುವುದು, ಇಲ್ಲವೇ ಶಸ್ತ್ರಚಿಕಿತ್ಸೆ. ಹಲ್ಲು ಎಷ್ಟು ಸರಿಯುತ್ತದೋ ತುಟಿ ಅಷ್ಟೇ ಸರಿಯುವುದಿಲ್ಲ. ತೆಳು ತುಟಿ ಹಲ್ಲಿನ ಹಿಂದೆಯೇ ಹೋಗುತ್ತದೆ, ದಪ್ಪ ತುಟಿ ಕಡಿಮೆ.

ಹಾಗಾಗಿ ಮುಂದಿನ ಸಲ ಹೋದಾಗ ಎಎನ್‌ಬಿ ಎಷ್ಟು ಅಂತ ಕೇಳಿ, ಗದ್ದ ಮತ್ತು ತುಟಿಯ ದಪ್ಪ ಎಷ್ಟು ಅಂತಲೂ ಕೇಳಿ. ಮಗಳ ಬೆಳವಣಿಗೆ ಇನ್ನೂ ಎಷ್ಟು ಉಳಿದಿದೆ ಅನ್ನುವುದನ್ನು ಮಾತ್ರ ಮರೆಯದೆ ಕೇಳಿ.