ಇಂಡೆಕ್ಸ್ ಫಂಡ್ ಕಂಡುಹಿಡಿದವರು ಬೋಗಲ್ ಅಲ್ವಾ?

ಪ್ರಶ್ನೆ: ಸರ್, ಇಂಡೆಕ್ಸ್ ಫಂಡ್ ಕಂಡುಹಿಡಿದ ಜಾಕ್ ಬೋಗಲ್ ಅವರಿಗೆ ಆ ಐಡಿಯಾ ಹೇಗೆ ಹೊಳೆಯಿತು?

ಮತ್ತೆ ಅದೇ ಪ್ರಶ್ನೆ! ಅಮೆರಿಕದ ವ್ಯಾನ್‌ಗಾರ್ಡ್ ಎಂಬ ಫಂಡ್ ಕಂಪನಿ ಕಟ್ಟಿದ ಬೋಗಲ್ ಅದನ್ನು ಕಂಡುಹಿಡಿಯಲಿಲ್ಲ. ನಿಫ್ಟಿ ಫಂಡಿಗೆ ತಿಂಗಳು ತಿಂಗಳು ಎಸ್‌ಐಪಿ ಕಟ್ಟುವ ನಿಮಗೆ ಇಂಡೆಕ್ಸ್ ಫಂಡ್ ಗೊತ್ತೇ ಇದೆ, ಅಲ್ವಾ? ಷೇರು ಆರಿಸದೆ, ಸೂಚ್ಯಂಕದ ಪಟ್ಟಿಯಲ್ಲಿರುವುದನ್ನೆಲ್ಲ ಹಾಗೇ ಕೊಳ್ಳುವ ಫಂಡ್. ನೇರ ಕತೆಗೆ ಬರುತ್ತೇನೆ.

1971ರಲ್ಲೇ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಇಂಥದ್ದೊಂದನ್ನು ಶುರು ಮಾಡಿತ್ತು. ಸೂಟ್‌ಕೇಸ್ ಮಾಡುವ ಸ್ಯಾಮ್ಸೊನೈಟ್ ಕಂಪನಿಯ ಪಿಂಚಣಿ ನಿಧಿಯಿಂದ ಬಂದ 60 ಲಕ್ಷ ಡಾಲರನ್ನು ನ್ಯೂಯಾರ್ಕ್ ಷೇರುಪೇಟೆಯ ಷೇರುಗಳಿಗೆಲ್ಲ ಸಮನಾಗಿ ಹಂಚಿತ್ತು. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್ 1974ರಲ್ಲಿ, ಯಾರಾದರೂ ಇಂಥ ಫಂಡ್ ತೆರೆಯಬಾರದೇ ಅಂತ ಬರೆದರು. ಐಡಿಯಾ ಆಗಲೇ ಬೀದಿಗೆ ಬಿದ್ದಿತ್ತು.

"ಪ್ರಿನ್ಸ್‌ಟನ್‌ನಲ್ಲಿ ಓದುವಾಗಲೇ ಬೋಗಲ್ ಇದರ ಬಗ್ಗೆ ಬರೆದಿದ್ದರಲ್ಲ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 1951ರ ಆ ಪ್ರಬಂಧ ಮ್ಯೂಚುವಲ್ ಫಂಡ್‌ಗಳ ಬಗ್ಗೆಯೇ ಇದೆ, ನಿಜ. ಮಾರುಕಟ್ಟೆಯ ಸರಾಸರಿಗಿಂತ ನಾವು ಮೇಲು ಅಂತ ಫಂಡ್‌ಗಳು ಹೇಳಿಕೊಳ್ಳುವಂತಿಲ್ಲ ಎಂಬ ಮಾತೂ ಅದರಲ್ಲಿದೆ. ಆದರೆ ಇಂಡೆಕ್ಸ್ ಫಂಡ್ ಇಲ್ಲ. ಅದಾದ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಅವರು ದುಡಿದದ್ದು ಷೇರು ಆರಿಸಿ ಕೊಳ್ಳುವ ವೆಲ್ಲಿಂಗ್ಟನ್ ಕಂಪನಿಯಲ್ಲೇ! ಬಾಸ್ಟನ್ನಿನ ಒಂದು ಸಂಸ್ಥೆಯನ್ನು ಅದರ ಜೊತೆ ಸೇರಿಸಿಕೊಂಡರು. ಪೇಟೆ ಬಿತ್ತು. ಆ ಪಾಲುದಾರರೇ 1974ರ ಜನವರಿಯಲ್ಲಿ ಬೋಗಲ್ ಅವರನ್ನು ಕೆಲಸದಿಂದ ಕಿತ್ತುಹಾಕಿದರು.

ಸ್ವಾರಸ್ಯ ಇರುವುದು ಇಲ್ಲಿ. ಕಂಪನಿ ಬೇರೆ, ಅದು ನಡೆಸುವ ಫಂಡ್‌ಗಳ ಆಡಳಿತ ಮಂಡಳಿ ಬೇರೆ. ಮಂಡಳಿಯಲ್ಲಿ ಬೋಗಲ್ ಉಳಿದುಕೊಂಡಿದ್ದರು. ಆ ಸೆಪ್ಟೆಂಬರಿನಲ್ಲಿ ವ್ಯಾನ್‌ಗಾರ್ಡ್ ಹುಟ್ಟಿತು. ಆದರೆ ಅದರ ಪಾಲಿಗೆ ಬಂದದ್ದು ಲೆಕ್ಕಪತ್ರ, ಕಾಗದಪತ್ರದ ಕೆಲಸ ಅಷ್ಟೇ. ಷೇರು ಆರಿಸುವ ಹಾಗಿಲ್ಲ, ಫಂಡ್ ಮಾರುವ ಹಾಗಿಲ್ಲ ಎಂಬುದು ಕರಾರು. ಸರಿ, ಯಾರೂ ಏನನ್ನೂ ಆರಿಸಬೇಕಿಲ್ಲದ ಫಂಡ್ ಮಾಡಿದರೆ? ಕರಾರು ಮುರಿದಂತೆಯೂ ಆಗುವುದಿಲ್ಲ! ಜ್ಞಾನೋದಯ ಅಲ್ಲ ಸ್ವಾಮಿ, ರಂಗೋಲಿ ಕೆಳಗೆ ತೂರುವ ಜಾಣತನ.

1976ರಲ್ಲಿ ಫಂಡ್ ಬಂತು. 15 ಕೋಟಿ ಡಾಲರ್ ಸೇರಬೇಕಿತ್ತು, ಸೇರಿದ್ದು 1.13 ಕೋಟಿ. ಪೇಟೆಯವರು "ಬೋಗಲ್‌ನ ಹುಚ್ಚು" ಅಂತ ನಕ್ಕರು. ಬೋಗಲ್ ಫಂಡ್ ಮುಚ್ಚಲಿಲ್ಲ.

ನನ್ನನ್ನು ಕೇಳಿದರೆ ಅವರ ನಿಜವಾದ ದೊಡ್ಡ ಕೆಲಸ ಬೇರೆಯೇ. ವ್ಯಾನ್‌ಗಾರ್ಡ್‌ಗೆ ಹೊರಗಿನ ಮಾಲೀಕರಿಲ್ಲ. ಫಂಡ್‌ಗಳೇ ಅದರ ಒಡೆಯರು, ಫಂಡ್‌ಗಳ ಒಡೆಯರು ಹಣ ಹಾಕಿದ ಜನ. ಲಾಭ ಹೊರಗೆ ಹೋಗದೆ ಖರ್ಚು ಇಳಿಯುತ್ತಾ ಬಂತು. ಅವರು ಬಿಲಿಯನೇರ್ ಆಗದಿದ್ದದ್ದೂ ಇದೇ ಕಾರಣಕ್ಕೆ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಇಟಿಎಫ್, ಅಂದರೆ ಷೇರಿನ ಹಾಗೆ ಪೇಟೆಯಲ್ಲಿ ಕೊಂಡು ಮಾರಬಹುದಾದ ಫಂಡ್, ಅದರ ಐಡಿಯಾ ಹಿಡಿದುಕೊಂಡು ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜಿನ ನೇಥನ್ ಮೋಸ್ಟ್ ಬೋಗಲ್ ಹತ್ತಿರವೇ ಮೊದಲು ಬಂದಿದ್ದರು. ಬೋಗಲ್ ಒಪ್ಪಲಿಲ್ಲ. ಜನ ದಿನವಿಡೀ ಕೊಂಡು ಮಾರಿ ಕೈ ಸುಟ್ಟುಕೊಳ್ಳುತ್ತಾರೆ ಎಂಬುದು ಅವರ ಭಯ. ಮೋಸ್ಟ್ ಬೇರೆ ಕಡೆ ಹೋದರು, 1993ರಲ್ಲಿ ಸ್ಪೈಡರ್ ಎಂಬ ಇಟಿಎಫ್ ಬಂತು. ವ್ಯಾನ್‌ಗಾರ್ಡ್ ಇಟಿಎಫ್ ತಂದದ್ದು 2001ರಲ್ಲಿ, ಬೋಗಲ್ ಅಧಿಕಾರ ಬಿಟ್ಟ ಮೇಲೆ. 2019ರಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರ ಆ ಗೊಣಗಾಟ ನಿಲ್ಲಲಿಲ್ಲ. ನಿಮ್ಮಲ್ಲೂ ಬೆಳಗ್ಗೆ ನಿಫ್ಟಿ ಬೀಸ್ ಇಟಿಎಫ್ ಕೊಂಡು ಮಧ್ಯಾಹ್ನ ಮಾರುವವರು ಇದ್ದೀರಿ, ಗೊತ್ತು.