ಮೆಟ್ಟಿಲು ವಾಲ್ಯೂಮ್ ಕಂಟ್ರೋಲ್: ಕೊನೆಯ ರೆಸಿಸ್ಟರ್ 63 ಓಮ್ ಯಾಕೆ?

ಕಾರ್ಬನ್ ಪಟ್ಟಿಯ ವಾಲ್ಯೂಮ್ ಕಂಟ್ರೋಲ್ ಹಳೆಯದಾದರೆ ಕರಕರ ಅನ್ನುತ್ತೆ. ಸದ್ದು ತೀರಾ ಕಡಿಮೆ ಇಟ್ಟಾಗ ಎಡ-ಬಲ ಸಮ ಬರಲ್ಲ. ಅದರ ಬದಲು ರೋಟರಿ ಸ್ವಿಚ್‌ಗೆ ರೆಸಿಸ್ಟರ್‌ಗಳನ್ನು ಬೆಸುಗೆ ಹಾಕಿ, ಸದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬಹುದು. ಸೀರೀಸ್, ಲ್ಯಾಡರ್, ಶಂಟ್ ಅಂತ ಮೂರು ಬಗೆ. ಸೀರೀಸ್‌ನಲ್ಲಿ ಇನ್‌ಪುಟ್‌ನಿಂದ ಗ್ರೌಂಡ್‌ವರೆಗೆ (ಸರ್ಕ್ಯೂಟ್‌ನ ಸೊನ್ನೆ ವೋಲ್ಟೇಜ್ ತಂತಿ) ರೆಸಿಸ್ಟರ್‌ಗಳದ್ದು ಒಂದೇ ಸರಪಳಿ, ಸ್ವಿಚ್ ಅದರ ಯಾವ ಕೊಂಡಿಯನ್ನು ಮುಟ್ಟುತ್ತೋ ಅದೇ ಔಟ್‌ಪುಟ್. ಲ್ಯಾಡರ್‌ನಲ್ಲಿ ಯಾವ ಮೆಟ್ಟಿಲಲ್ಲೂ ಎರಡೇ ರೆಸಿಸ್ಟರ್ ಕೆಲಸ ಮಾಡುತ್ತವೆ, ಆದರೆ ಒಂದೊಂದು ಚಾನೆಲ್‌ಗೂ ಎರಡು ಡೆಕ್ (ಒಂದೇ ನಾಬ್‌ಗೆ ತಿರುಗುವ ಸ್ವಿಚ್ ಪದರ) ಬೇಕು. ಶಂಟ್‌ನಲ್ಲಿ ನಾಬ್ ತಿರುಗಿಸಿದಂತೆಲ್ಲ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ಬದಲಾಗುತ್ತೆ. ಮೊದಲ ಸಲ ಮಾಡುವವರಿಗೆ ಸೀರೀಸ್ ಸಾಕು ಅನ್ನೋದು ನನ್ನ ಅಭಿಪ್ರಾಯ.

ಲೆಕ್ಕಕ್ಕೆ ಒಟ್ಟು 10 ಕಿಲೋ ಓಮ್, 24 ಸ್ಥಾನಗಳ ಸ್ವಿಚ್ ಇಟ್ಟುಕೊಳ್ಳೋಣ. 0ಯಿಂದ −44 ಡಿಬಿವರೆಗೆ (ಡೆಸಿಬೆಲ್, ಸದ್ದಿನ ಏರಿಳಿತದ ಅಳತೆ) 2 ಡಿಬಿ ಅಂತರದಲ್ಲಿ 23 ಸ್ಥಾನ, ಉಳಿದದ್ದು ಮ್ಯೂಟ್, ಅಂದರೆ ನೇರ ಗ್ರೌಂಡ್. 2 ಡಿಬಿ ಇಳಿದರೆ ವೋಲ್ಟೇಜ್ 0.7943 ಪಟ್ಟು. ಹಾಗಾಗಿ ಪ್ರತಿ ಸ್ಥಾನದಿಂದ ಗ್ರೌಂಡ್‌ವರೆಗೆ ಇರಬೇಕಾದದ್ದು 10,000, 7,943, 6,310, 5,012... ಪಕ್ಕಪಕ್ಕದ ಎರಡನ್ನು ಕಳೆದರೆ ನಡುವಿನ ರೆಸಿಸ್ಟರ್: 2,057, 1,633, 1,298...

ಹತ್ತು ರೆಸಿಸ್ಟರ್ ಲೆಕ್ಕ ಹಾಕಿದರೆ ಮುಗಿಯಿತು. ಹತ್ತು ಮೆಟ್ಟಿಲು ಅಂದರೆ 20 ಡಿಬಿ, ಸರಿಯಾಗಿ ಹತ್ತನೇ ಒಂದು ಭಾಗ. ಹನ್ನೊಂದನೆಯದು 205.7, ಹನ್ನೆರಡನೆಯದು 163.3. ದಶಮಾಂಶ ಬಿಂದು ಸರಿಸಿದರಾಯ್ತು! 50 ಕಿಲೋ ಓಮ್ ಬೇಕಿದ್ದರೆ ಎಲ್ಲವನ್ನೂ 5ರಿಂದ ಗುಣಿಸಿ.

ಈಗ ತಲೆ ತಿನ್ನುವ ಜಾಗ. ಸಾಲು ಹೀಗೆ ಇಳಿಯುತ್ತಾ 20.6, 16.3ಕ್ಕೆ ಬರುತ್ತೆ. ಮುಂದಿನದು 13.0 ಅಂತಲೇ ಕೈ ಬರೆಯುತ್ತೆ. ಆದರೆ ಅಲ್ಲಿ ಬೇಕಿರೋದು 63.1 ಓಮ್. ಯಾಕೆಂದರೆ −44 ಡಿಬಿ ಸ್ಥಾನದ ಕೆಳಗೆ ಮೆಟ್ಟಿಲುಗಳಿಲ್ಲ. ಅಲ್ಲಿಂದ ಗ್ರೌಂಡ್‌ವರೆಗೆ ಉಳಿದದ್ದನ್ನೆಲ್ಲ ಒಂದೇ ರೆಸಿಸ್ಟರ್ ಹೊರಬೇಕು. ಕೆಳಗೆ ಮೆಟ್ಟಿಲುಗಳು ಕೊನೆಯಿಲ್ಲದೆ ಮುಂದುವರಿದಿದ್ದರೆ 13.0, 10.3, 8.2 ಅಂತ ಸೇರುತ್ತಾ ಹೋಗಿ ಒಟ್ಟು 63.1 ಆಗುತ್ತಿತ್ತು, ಆ ಮೊತ್ತವೇ ಇದು. 13 ಹಾಕಿಬಿಟ್ಟರೆ ಏನಾಗುತ್ತೆ ನೋಡಿ: ಕೊನೆಯ ಸ್ಥಾನ −44ರ ಬದಲು ಸುಮಾರು −57.7 ಡಿಬಿ, ಅದರ ಹಿಂದಿನದು −50.6, ಅದರ ಹಿಂದಿನದು −46. ಮೇಲೆಲ್ಲ 2 ಡಿಬಿಯಂತೆ ನಯವಾಗಿ ಇಳಿದದ್ದು ಕೆಳಗೆ ಬಂದಾಗ 4.6, 7 ಡಿಬಿಯಂತೆ ಕುಸಿಯುತ್ತೆ. ರಾತ್ರಿ ಮೆಲ್ಲಗೆ ಕೇಳುವವರಿಗೆ ಬೇಕಾದದ್ದೇ ಆ ಕೆಳಗಿನ ಸ್ಥಾನಗಳು. ಅಂದಹಾಗೆ, ಒಂದು ಚಾನೆಲ್‌ಗೆ ಒಟ್ಟು 23 ರೆಸಿಸ್ಟರ್. ಮ್ಯೂಟ್‌ಗೆ ಬರೀ ತಂತಿ.

ಸ್ವಿಚ್ ಕೊಳ್ಳುವಾಗ ಶಾರ್ಟಿಂಗ್ ಬಗೆಯದನ್ನೇ ಕೇಳಿ. ಅದು ಹಳೆಯ ಕಾಂಟ್ಯಾಕ್ಟ್ ಬಿಡುವ ಮೊದಲೇ ಹೊಸದನ್ನು ಮುಟ್ಟುತ್ತೆ. ಇನ್ನೊಂದು ಬಗೆಯಲ್ಲಿ ನಡುವೆ ಒಂದು ಕ್ಷಣ ಆಂಪ್ಲಿಫೈಯರ್ ಇನ್‌ಪುಟ್ ಖಾಲಿ ಬಿದ್ದು ಸ್ಪೀಕರ್‌ನಲ್ಲಿ ಟಪ್ ಅನ್ನುತ್ತೆ.

ಆಂಪ್ಲಿಫೈಯರ್‌ನ ಇನ್‌ಪುಟ್ ಇಂಪೀಡೆನ್ಸ್ 47 ಕಿಲೋ ಓಮ್ ಇದ್ದರೆ, ಅದು ಕೆಳಗಿನ ರೆಸಿಸ್ಟರ್‌ಗಳಿಗೆ ಸಮಾಂತರವಾಗಿ ಸೇರಿಕೊಳ್ಳುವುದರಿಂದ, −6 ಡಿಬಿ ಸ್ಥಾನ ನಿಜಕ್ಕೂ −6.4ರ ಆಸುಪಾಸು ನಿಲ್ಲುತ್ತೆ. ಎರಡೂ ಚಾನೆಲ್‌ನಲ್ಲಿ ಒಂದೇ ರೀತಿ ಆಗೋದರಿಂದ ಕಿವಿಗೆ ಗೊತ್ತಾಗಲ್ಲ.

ಬೆಸುಗೆ ಆದಮೇಲೆ, ಎಲ್ಲಿಗೂ ಜೋಡಿಸುವ ಮುಂಚೆ, ಔಟ್‌ಪುಟ್ ಮತ್ತು ಗ್ರೌಂಡ್ ನಡುವೆ ಮಲ್ಟಿಮೀಟರ್ ಇಟ್ಟು ನಾಬ್ ತಿರುಗಿಸಿ. ತುದಿಯಲ್ಲಿ 10,000, ಅಲ್ಲಿಂದ ಹತ್ತು ಮೆಟ್ಟಿಲು ಕೆಳಗೆ 1,000, ಮ್ಯೂಟ್‌ಗೆ ಮೊದಲು 63 ಹತ್ತಿರ ತೋರಿಸಬೇಕು.