ಮಳೆಗಾಲದಲ್ಲಿ ಕದಲುವ ವೋಲ್ಟೇಜ್

ಡಿಜಿಟಲ್ ಸಂಖ್ಯೆಯನ್ನು ವೋಲ್ಟೇಜ್ ಆಗಿ ಮಾರ್ಪಡಿಸುವ ಡಿಎಸಿ ಚಿಪ್‌ಗೆ ಒಂದು ವೋಲ್ಟ್ ಎಂದರೆ ಎಷ್ಟೆಂಬುದು ತಾನಾಗಿ ತಿಳಿದಿರುವುದಿಲ್ಲ. ನಾವು ಕೊಟ್ಟ ರೆಫರೆನ್ಸ್ ವೋಲ್ಟೇಜನ್ನು ಸಮಭಾಗ ಮಾಡಿ, ಕೇಳಿದಷ್ಟು ಭಾಗಗಳನ್ನು ಅದು ಹೊರಗೆ ಕೊಡುತ್ತದೆ. 16 ಬಿಟ್‌ನ ಡಿಎಸಿಯಲ್ಲಿ ಅಂಥ 65,536 ಭಾಗಗಳಿರುತ್ತವೆ, ರೆಫರೆನ್ಸ್ 4.096 ವೋಲ್ಟ್ ಆಗಿದ್ದರೆ ಒಂದೊಂದು ಭಾಗ, ಅಂದರೆ ಒಂದೊಂದು ಮೆಟ್ಟಿಲು, 62.5 ಮೈಕ್ರೋವೋಲ್ಟ್. ಅಡಿಕೆ ಮಂಡಿಯಲ್ಲಿ ತೂಕದ ಕಲ್ಲೇ ಸವೆದಿದ್ದರೆ ತಕ್ಕಡಿ ಎಷ್ಟು ಸೂಕ್ಷ್ಮವಾಗಿದ್ದರೂ ಪ್ರಯೋಜನವಿಲ್ಲ.

ಶಿವಮೊಗ್ಗದಲ್ಲಿ ಜನವರಿಯ ಬೆಳಗಿಗೂ ಏಪ್ರಿಲ್ ಮಧ್ಯಾಹ್ನಕ್ಕೂ 20 ಡಿಗ್ರಿ ಅಂತರ ಸಹಜ. ಡಿಗ್ರಿಗೆ 50 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 50 ಭಾಗ, ಬದಲಾಗುವ ಅಗ್ಗದ ರೆಫರೆನ್ಸ್ ಚಿಪ್ ಇಷ್ಟರಲ್ಲೇ ಸಾವಿರಕ್ಕೊಂದು ಪಾಲು ಸರಿದು, ಡಿಎಸಿಯ ಗರಿಷ್ಠ ವೋಲ್ಟೇಜಿನಲ್ಲಿ 65 ಮೆಟ್ಟಿಲುಗಳ ದೋಷ ತರುತ್ತದೆ. 3 ಪಿಪಿಎಂನದ್ದಾದರೆ ನಾಲ್ಕು ಮೆಟ್ಟಿಲು. 1971ರಲ್ಲಿ ಅಮೆರಿಕದ ಎಂಜಿನಿಯರ್ ಬಾಬ್ ವಿಡ್ಲರ್ ರೂಪಿಸಿದ ಬ್ಯಾಂಡ್‌ಗ್ಯಾಪ್ ವಿಧಾನವೇ ಇಂದಿನ ಬಹುಪಾಲು ರೆಫರೆನ್ಸ್ ಚಿಪ್‌ಗಳಿಗೆ ಆಧಾರ. ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಬೇರೆಬೇರೆ ಕರೆಂಟ್ ಸಾಂದ್ರತೆಯ ಎರಡು ಟ್ರಾನ್ಸಿಸ್ಟರುಗಳ ನಡುವೆ ಈ ವೋಲ್ಟೇಜಿನ ವ್ಯತ್ಯಾಸ ಉಷ್ಣತೆಯೊಂದಿಗೆ ಏರುತ್ತದೆ. ಆ ಏರಿಕೆಯನ್ನು ತಕ್ಕಷ್ಟು ವರ್ಧಿಸಿ ಕೂಡಿಸಿದರೆ, ಉಷ್ಣತೆಗೆ ಹೆಚ್ಚು ಅಲುಗದ ಸುಮಾರು 1.2 ವೋಲ್ಟ್ ಸಿಗುತ್ತದೆ.

ಮಲೆನಾಡಿನಲ್ಲಿ ಮಾತ್ರ ಉಷ್ಣತೆಯೊಂದನ್ನೇ ನೋಡಿ ರೆಫರೆನ್ಸ್ ಚಿಪ್ ಆರಿಸಿದರೆ ಸಾಲದು. ಆಗುಂಬೆ, ಹೊಸನಗರಗಳ ಕಡೆ ತಿಂಗಳುಗಟ್ಟಲೆ ಬಿಡದ ತೇವಕ್ಕೆ ಚಿಪ್‌ನ ಪ್ಲಾಸ್ಟಿಕ್ ಹೊದಿಕೆ ನಿಧಾನವಾಗಿ ನೀರಿನಂಶ ಹೀರಿ ಉಬ್ಬುತ್ತದೆ, ಒಳಗಿನ ಸಿಲಿಕಾನ್ ತುಣುಕಿನ ಮೇಲಿನ ಒತ್ತಡ ಬದಲಾಗುತ್ತದೆ, ಅದರೊಂದಿಗೆ ವೋಲ್ಟೇಜೂ ಕದಲುತ್ತದೆ. ದಿನಗಳು, ವಾರಗಳು ಹಿಡಿಯುವ ಈ ಬದಲಾವಣೆ ಮೇಜಿನ ಮೇಲೆ ಚಿಪ್ ಬಿಸಿಮಾಡಿ ನೋಡುವ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಬೋರ್ಡಿಗೆ ಬಳಿಯುವ ವಾರ್ನಿಷ್ ಆವಿಯನ್ನು ತಡಮಾಡುತ್ತದೆಯೇ ಹೊರತು ತಡೆಯುವುದಿಲ್ಲ. ಆದ್ದರಿಂದ ಇಲ್ಲಿ ಲೋಹ ಅಥವಾ ಸೆರಾಮಿಕ್ಕಿನ, ಗಾಳಿಯಾಡದ ಕವಚದ ಚಿಪ್‌ಗೆ ಹೆಚ್ಚು ಹಣ ಕೊಡುವುದು ದುಂದಲ್ಲ. ಬೋರ್ಡೂ ತೇವಕ್ಕೆ ಬಾಗುವುದರಿಂದ, ಆ ಒತ್ತಡ ತಾಗದಂತೆ ಚಿಪ್‌ನ ಸುತ್ತ ಬೋರ್ಡಿನಲ್ಲಿ ಸೀಳು ಕೊರೆಯುವುದು ಒಳ್ಳೆಯದು. ಲೋಹದ ಡಬ್ಬಿಯ ಎಲ್‌ಎಂ399 ಎಂಬ ರೆಫರೆನ್ಸ್ ಚಿಪ್ ತನ್ನನ್ನು ತಾನೇ ಬಿಸಿಯಾಗಿಟ್ಟುಕೊಂಡು ಬಹಳ ಸ್ಥಿರವಾಗಿರುತ್ತದೆ; ಆದರೆ ಅದರ ಹೀಟರ್ ಸದಾ ವಿದ್ಯುತ್ ನುಂಗುವುದರಿಂದ, ಮೋಡದ ದಿನಗಳಲ್ಲಿ ಸೋಲಾರ್ ನಂಬಿದ ಉಪಕರಣಕ್ಕೆ ಹೊಂದದು.

ಆರಂಭಿಕ ನಿಖರತೆಗೆ, ಅಂದರೆ ಹೊಸ ಚಿಪ್ ತಾನು ಕೊಡಬೇಕಾದ ವೋಲ್ಟೇಜಿಗೆ ಎಷ್ಟು ಹತ್ತಿರವಿದೆ ಎಂಬುದಕ್ಕೆ, ಹಣ ಸುರಿಯುವ ಅಗತ್ಯ ಅಷ್ಟಿಲ್ಲ. ಒಮ್ಮೆ ಒಳ್ಳೆಯ ಮೀಟರಿನಿಂದ ಅಳೆದು ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ತಕ್ಕ ಸಂಖ್ಯೆಯಿಂದ ಗುಣಿಸಿದರೆ ಆ ದೋಷ ತೀರುತ್ತದೆ. ಹೊಸ ಚಿಪ್ ಮೊದಲ 1,000 ಗಂಟೆಗಳಲ್ಲೇ ಹೆಚ್ಚು ಸರಿಯುವುದರಿಂದ, ಬೋರ್ಡನ್ನು ಕೆಲವು ವಾರ ಚಾಲೂ ಇಟ್ಟ ಬಳಿಕವೇ ಅಳೆಯಬೇಕು. ಪ್ಲಾಸ್ಟಿಕ್ ಕವಚದ್ದಾದರೆ ಬೇಸಿಗೆಯಲ್ಲೊಮ್ಮೆ, ಆಷಾಢದಲ್ಲಿ ಮತ್ತೊಮ್ಮೆ.